ಬ್ಯಾಡಗಿ ಮೆಣಸಿನಕಾಯಿ ಒಣಗುವ ಲೆಕ್ಕಕ್ಕೆ ಕೈಗೆಟಕುವ ಅವಕಲ ಸಮೀಕರಣ ಲೈಬ್ರರಿ ಯಾವುದು?

ಸಪ್ತಾಪುರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಹಾವೇರಿ ಜಿಲ್ಲೆಯ ರೈತರೊಬ್ಬರು ತಮ್ಮ ಹೊಲದಲ್ಲಿ ಪಾಲಿಥೀನ್ ಹೊದಿಕೆಯ, ಸುರಂಗದಂಥ ಸೋಲಾರ್ ಡ್ರೈಯರ್ ಕಟ್ಟಿಸಿದ್ದಾರೆ. ಅದರ ಗಣಿತ ಮಾದರಿಯನ್ನು ನಮ್ಮ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ಸಿದ್ಧಪಡಿಸುತ್ತಿದ್ದಾರೆ. ಕಣದಲ್ಲಿ ಹರವುವ ಬದಲು ಈ ಸುರಂಗದೊಳಗೆ ಒಣಗಿಸಿದರೆ ಎಷ್ಟು ದಿನ ಉಳಿತಾಯವಾದೀತು, ಒಳಗಿನ ಶಾಖ ಎಷ್ಟಕ್ಕೆ ಏರಿದಾಗ ಫ್ಯಾನ್ ಹಾಕಬೇಕು ಎಂಬುದು ರೈತರ ಪ್ರಶ್ನೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದಾದ್ದರಿಂದ, ಬೇಗ ಒಣಗಿಸಲು ಹೋಗಿ ಬಣ್ಣ ಕೆಡಿಸಿಕೊಂಡರೆ ಅವರಿಗೆ ನಷ್ಟವೇ ಆಗುತ್ತದೆ.

ಮಾದರಿಯಲ್ಲಿ ಒಟ್ಟು 24 ಸಾಮಾನ್ಯ ಅವಕಲ ಸಮೀಕರಣಗಳಿವೆ, ಅಂದರೆ ಒಂದೊಂದು ಪ್ರಮಾಣವೂ ಹೊತ್ತು ಹೋದಂತೆ ಎಷ್ಟು ವೇಗವಾಗಿ ಬದಲಾಗುತ್ತದೆಂದು ಹೇಳುವ ಸಮೀಕರಣಗಳು. ಕಾಯಿಯ ಪದರಗಳ ತೇವಾಂಶ, ಕಾಯಿಯ ಉಷ್ಣತೆ, ಸುರಂಗದ ಗಾಳಿ, ಹೊದಿಕೆ, ನೆಲ, ಸಿಪ್ಪೆಗೆ ಅಂಟಿಕೊಂಡ ಗಾಳಿಯಲ್ಲಿನ ನೀರಾವಿ, ಇವೆಲ್ಲ ಅದರಲ್ಲಿ ಸೇರಿವೆ. ಹಸಿ ಕಾಯಿಯಲ್ಲಿ ನೂರಕ್ಕೆ ಸುಮಾರು 75 ಪಾಲು ನೀರೆಂದು ಹಿಡಿದು, ಅದು 10 ಪಾಲಿಗೆ ಇಳಿಯುವವರೆಗೆ, ಅಂದರೆ ಸುಮಾರು ಆರು ದಿನಗಳ ಅವಧಿಗೆ ಲೆಕ್ಕ ಮಾಡಬೇಕಾಗಿದೆ.

ಪ್ರಯೋಗಾಲಯದಲ್ಲಿದ್ದ ವಾಣಿಜ್ಯ ತಂತ್ರಾಂಶದ ಪರವಾನಗಿ ಜೂನ್‌ನಲ್ಲಿ ಮುಗಿದುಹೋಗಿದ್ದು, ನವೀಕರಣದ ಕಡತ ಇನ್ನೂ ಮೇಜಿನಿಂದ ಮೇಜಿಗೆ ತಿರುಗುತ್ತಿದೆ. ಹೀಗಾಗಿ ಹುಡುಗರು ಪಠ್ಯದಲ್ಲಿ ಕಲಿತ, ಹೊತ್ತನ್ನು ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಲೆಕ್ಕ ಮಾಡುವ ನಾಲ್ಕನೆಯ ದರ್ಜೆಯ ರುಂಗೆ-ಕುಟ್ಟ ವಿಧಾನವನ್ನು ಪೈಥಾನ್ ಭಾಷೆಯಲ್ಲಿ ತಾವೇ ಬರೆದರು. ಒಂದು ಸೆಕೆಂಡಿನ ಹೆಜ್ಜೆ ಇಟ್ಟರೆ ನಾಲ್ಕೈದು ಹೆಜ್ಜೆಗಳೊಳಗೆ ಆವಿಯ ಅಂಕಿ ಪರದೆಯಲ್ಲಿ ಹಿಡಿಸಲಾರದಷ್ಟು ಉದ್ದವಾಗಿ ಬೆಳೆದು ಲೆಕ್ಕ ನಿಂತುಬಿಡುತ್ತದೆ. ಹೆಜ್ಜೆಯನ್ನು 0.05 ಸೆಕೆಂಡಿಗೆ ಇಳಿಸಿದರೆ ಉತ್ತರವೇನೋ ಬರುತ್ತದೆ, ಆದರೆ ಒಂದು ಓಟಕ್ಕೆ ನಲವತ್ತು ನಿಮಿಷ ಬೇಕು. ಅಳತೆಗೆ ಹೊಂದುವಂತೆ ಗುಣಾಂಕಗಳನ್ನು ಹುಡುಕಲು ಕನಿಷ್ಠ 200 ಓಟಗಳಾದರೂ ಬೇಕಾಗುವುದರಿಂದ, ಹಗಲುರಾತ್ರಿ ಯಂತ್ರ ನಡೆಸಿದರೂ ಐದೂವರೆ ದಿನವಾಗುತ್ತದೆ. ಅಷ್ಟರಲ್ಲಿ ಮೆಣಸಿನಕಾಯಿಯೇ ಒಣಗಿರುತ್ತದೆ! ನಮ್ಮ ಅಂದಾಜಿನಲ್ಲಿ ಅತಿ ವೇಗದ ಸಮೀಕರಣವೆಂದರೆ ಆವಿಯದು. ಅದರ ಕಾಲಾಂಕ, ಅಂದರೆ ಬದಲಾವಣೆಗೆ ಹೊಂದಿಕೊಳ್ಳಲು ಹಿಡಿಯುವ ಹೊತ್ತಿನ ಅಳತೆ, ಸುಮಾರು 0.02 ಸೆಕೆಂಡ್.

ಯೋಜನೆಗೆ ಮಂಜೂರಾದದ್ದು 15,000 ರೂಪಾಯಿ. ಈ ಹಣದೊಳಗೆ ಸಿಗುವ, ನಂಬಬಹುದಾದ ಲೈಬ್ರರಿ, ಅಂದರೆ ಸಿದ್ಧ ಕೋಡುಗಳ ಸಂಗ್ರಹ, ಯಾವುದಾದರೂ ಇದೆಯೇ? ಮುಂದೆ ಈ ಕೋಡನ್ನು ಡ್ರೈಯರ್ ತಯಾರಿಸುವವರಿಗೆ ಕೊಡಬೇಕಾಗಿ ಬಂದರೆ ಪರವಾನಗಿಯ ತೊಡಕು ಎದುರಾಗುತ್ತದೆಯೇ? ದಯವಿಟ್ಟು ತಿಳಿಸಿ.

ಉಣಕಲ್ ವಾಸಿ

ಮೇಡಂ, ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಗ್ನು ಆಕ್ಟೇವ್ ಎಂಬ ಉಚಿತ ಗಣಿತ ತಂತ್ರಾಂಶ ಹಾಕಿಕೊಳ್ಳಿ. ಮ್ಯಾಟ್‌ಲ್ಯಾಬ್ ಎಂಬ ವಾಣಿಜ್ಯ ತಂತ್ರಾಂಶಕ್ಕಾಗಿ ಬರೆದ ಹಳೆಯ ಕಡತಗಳಿದ್ದರೆ ಅವುಗಳಲ್ಲಿ ಬಹುಪಾಲು ಹಾಗೆಯೇ ಅಥವಾ ಸಣ್ಣ ತಿದ್ದುಪಡಿಯೊಂದಿಗೆ ಅದರಲ್ಲಿ ಓಡುತ್ತವೆ, ಮತ್ತು ಅವಕಲ ಸಮೀಕರಣ ಬಿಡಿಸುವ ಎಲ್‌ಸೋಡ್ ಎಂಬ ಸಾಧನ ಅದರೊಳಗೇ ಇದೆ. ಸೈಲ್ಯಾಬ್ ಕೂಡ ಉಚಿತವೇ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪಾಠಗಳಿರುವುದರಿಂದ ಹುಡುಗರಿಗೆ ಕಲಿಯಲು ಕಷ್ಟವಾಗದು. ಆ ಹದಿನೈದು ಸಾವಿರವನ್ನು ತೇವಾಂಶ ಅಳೆಯುವ ಸೆನ್ಸಾರ್‌ಗೆ ಇಟ್ಟುಕೊಳ್ಳಿ.

ಮಾಳಮಡ್ಡಿ ಮಾಸ್ತರ

ಉಣಕಲ್ಲಿನವರ ಸಲಹೆ ಸರಿಯಾಗಿಯೇ ಇದೆ. ಆದರೆ ಲೈಬ್ರರಿಯ ಬೆಲೆ ವಿಚಾರಿಸುವ ಮೊದಲು ಸಮೀಕರಣದ ಜಾತಿಯನ್ನು ನೋಡಬೇಕಾಗುತ್ತದೆ. ಇಲ್ಲವಾದರೆ ಉಚಿತ ತಂತ್ರಾಂಶದಲ್ಲೂ ನೀವು ಇದೇ ನಲವತ್ತು ನಿಮಿಷವನ್ನು ಕಾಯಬೇಕಾಗಿ ಬರಬಹುದು.

ನಿಮ್ಮ ಕಾಯಿ ಒಣಗುವುದು ದಿನಗಳ ಲೆಕ್ಕದಲ್ಲಿ, ಸಿಪ್ಪೆಯ ಮೇಲಿನ ಆವಿ ಗಾಳಿಗೆ ಹೊಂದಿಕೊಳ್ಳುವುದು ಸೆಕೆಂಡಿನ ಐವತ್ತನೆಯ ಒಂದು ಪಾಲಿನಲ್ಲಿ. ಇಷ್ಟು ದೂರದ ಎರಡು ಕಾಲಮಾನಗಳು ಒಂದೇ ವ್ಯವಸ್ಥೆಯಲ್ಲಿ ಕೂಡಿದಾಗ ಅದನ್ನು ‘ಸ್ಟಿಫ್’ ಎನ್ನುತ್ತಾರೆ. ನಾಲ್ಕನೆಯ ದರ್ಜೆಯ ರುಂಗೆ-ಕುಟ್ಟ ವಿಧಾನ ಸ್ಥಿರವಾಗಿರಬೇಕಾದರೆ ಅದರ ಹೆಜ್ಜೆ ಅತಿ ವೇಗದ ಕಾಲಾಂಕದ ಸುಮಾರು 2.78 ಪಟ್ಟನ್ನು ಮೀರುವಂತಿಲ್ಲ, ಅಂದರೆ ನಿಮ್ಮಲ್ಲಿ 0.055 ಸೆಕೆಂಡನ್ನು ದಾಟುವಂತಿಲ್ಲ. 0.05 ನಡೆದದ್ದೂ, ಒಂದು ಸೆಕೆಂಡ್ ಕೆಟ್ಟದ್ದೂ ಇದೇ ಕಾರಣಕ್ಕೆ. ಒಂದು ಸೆಕೆಂಡಿನ ಹೆಜ್ಜೆಯಲ್ಲಿ ಆವಿಯ ಲೆಕ್ಕದ ದೋಷ ಪ್ರತಿ ಹೆಜ್ಜೆಗೂ ಸುಮಾರು 2 ಲಕ್ಷ 40 ಸಾವಿರ ಪಟ್ಟು ಬೆಳೆಯುತ್ತದೆ. ಕಾಗದದ ಮೇಲೆ ಹುಡುಗರೇ ಗುಣಿಸಿ ನೋಡಲಿ. ಆರು ದಿನಗಳಿಗೆ ನೀವು ಇಡುತ್ತಿರುವುದು ಒಂದು ಕೋಟಿಗೂ ಹೆಚ್ಚು ಹೆಜ್ಜೆ, ಪ್ರತಿ ಹೆಜ್ಜೆಗೆ ನಾಲ್ಕು ಸಲ ಸಮೀಕರಣಗಳ ಮೌಲ್ಯಮಾಪನ. ಹೊತ್ತು ಹಿಡಿಯುವುದಕ್ಕೆ ಯಂತ್ರವೂ ಕಾರಣವಲ್ಲ, ಪೈಥಾನೂ ಕಾರಣವಲ್ಲ. ಮೊದಲ ಕ್ಷಣಗಳಲ್ಲೇ ಅಡಗಿಹೋದ ಆವಿಯ ಚಲನೆಗೆ ಹೆದರಿ ಆರು ದಿನವೂ ಇರುವೆಯ ಹೆಜ್ಜೆ ಇಡುತ್ತಿದ್ದೀರಿ, ಅಷ್ಟೆ.

ಈ ತೊಂದರೆ ಹಳೆಯದು. ಕರ್ಟಿಸ್ ಮತ್ತು ಹಿರ್ಷ್‌ಫೆಲ್ಡರ್ 1952ರಲ್ಲೇ ಇದನ್ನು ಗುರುತಿಸಿ, ಹಿಂದಿನ ಕೆಲವು ಬಿಂದುಗಳ ಬೆಲೆಗಳಿಂದ ಮುಂದಿನದನ್ನು ಪರೋಕ್ಷವಾಗಿ (ಅದನ್ನೇ ಅಜ್ಞಾತವಾಗಿಟ್ಟ ಸಮೀಕರಣದಿಂದ) ಬಿಡಿಸುವ, ಹೆಜ್ಜೆ ದೊಡ್ಡದಾದರೂ ಕೆಡದ ದಾರಿಯನ್ನು ತೋರಿಸಿದ್ದರು. ಅದನ್ನೇ ಇಂದು ಬಿಡಿಎಫ್ ವಿಧಾನ ಎನ್ನುತ್ತೇವೆ. ಗೇರ್ ಅವರು 1971ರ ಹೊತ್ತಿಗೆ ಅದನ್ನು ಬಳಸಲು ಯೋಗ್ಯವಾದ ಕಾರ್ಯಕ್ರಮವಾಗಿಸಿದರು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹಿಂಡ್‌ಮಾರ್ಷ್ ಅವರು ಅದೇ ಸಾಲಿನಲ್ಲಿ ಓಡಿಇಪ್ಯಾಕ್ ಎಂಬ ಫೋರ್ಟ್ರಾನ್ ಸಂಗ್ರಹವನ್ನು ಕಟ್ಟಿದರು. ಅದರಲ್ಲಿನ ಎಲ್‌ಸೋಡಾ, ಪೆಟ್ಜೋಲ್ಡ್ ಅವರ ಕೆಲಸದಿಂದಾಗಿ, ಸಮಸ್ಯೆ ಸ್ಟಿಫ್ ಆಗಿದೆಯೋ ಇಲ್ಲವೋ ಎಂಬುದನ್ನು ಓಡುತ್ತಲೇ ಕಂಡುಕೊಂಡು ವಿಧಾನವನ್ನು ತಾನೇ ಬದಲಿಸುತ್ತದೆ. ಇವೆಲ್ಲವೂ ಮೊದಲಿನಿಂದ ಉಚಿತ. ಆಕ್ಟೇವ್‌ನ ಎಲ್‌ಸೋಡ್, ಸೈಲ್ಯಾಬ್‌ನ ಓಡಿಇ, ಪೈಥಾನ್‌ನ ಸೈಪೈಯಲ್ಲಿರುವ ಎಲ್‌ಸೋಡಾ, ಆರ್ ಭಾಷೆಯ ಡೀಸಾಲ್ವ್, ಈ ನಾಲ್ಕೂ ಮೂಲತಃ ಆ ಒಂದೇ ಸಂಗ್ರಹದಿಂದ ಬಂದವು. ಹಿಟ್ಟು ಒಂದೇ, ರೊಟ್ಟಿ ಬಡಿಯುವ ಕೈ ಮಾತ್ರ ಬೇರೆ. ದುಡ್ಡು ಕೊಟ್ಟರೆ ಸಿಗುವ ತಂತ್ರಾಂಶಗಳಲ್ಲಿ ಹೆಚ್ಚುವರಿಯಾಗಿ ದೊರೆಯುವುದು ಅಚ್ಚುಕಟ್ಟಾದ ಕೈಪಿಡಿ, ಚಿತ್ರ ಬಿಡಿಸುವ ಅನುಕೂಲ, ಕೇಳಿದರೆ ಉತ್ತರಿಸುವ ಸಿಬ್ಬಂದಿ, ಗಣಿತ ಬೇರೆಯದಲ್ಲ.

ಹುಡುಗರು ಈಗಾಗಲೇ ಪೈಥಾನ್‌ನಲ್ಲಿ ಬರೆದಿರುವುದರಿಂದ ನಾನು ಸೈಪೈಯನ್ನೇ ಹೇಳುತ್ತೇನೆ. ಅದರ ‘ಸಾಲ್ವ್ ಐವಿಪಿ’ ಎಂಬ ಕ್ರಿಯೆಗೆ ಅದೇ ಸಮೀಕರಣಗಳ ಫಂಕ್ಷನ್ ಕೊಟ್ಟರೆ ಸಾಕು. ಆದರೆ ನೀವಾಗಿ ವಿಧಾನ ಹೇಳದಿದ್ದರೆ ಅದು ರುಂಗೆ-ಕುಟ್ಟ ಕುಟುಂಬದ ಪ್ರತ್ಯಕ್ಷ ವಿಧಾನವನ್ನೇ ತೆಗೆದುಕೊಳ್ಳುತ್ತದೆ. ಆಗ ಲೆಕ್ಕ ಕೆಡುವುದಿಲ್ಲವಾದರೂ, ತಾನಾಗಿಯೇ ಹೆಜ್ಜೆ ಕಿರಿದು ಮಾಡಿಕೊಂಡು ಮತ್ತೆ ನಿಮ್ಮನ್ನು ಕಾಯಿಸುತ್ತದೆ. ‘ಉಚಿತ ಲೈಬ್ರರಿ ನಿಧಾನ’ ಎಂಬ ದೂರು ಬಹಳ ಸಲ ಹುಟ್ಟುವುದು ಇಲ್ಲಿಯೇ. ಆದ್ದರಿಂದ ಬಿಡಿಎಫ್, ರಾಡೌ (ಇದೂ ಪರೋಕ್ಷ ವಿಧಾನವೇ), ಎಲ್‌ಸೋಡಾ ಈ ಮೂರರಲ್ಲಿ ಒಂದನ್ನು ಹೆಸರಿಸಿ ಕೇಳಿರಿ. ಇದರ ಜೊತೆಗೆ ಟಾಲರೆನ್ಸ್, ಅಂದರೆ ಎಷ್ಟು ದೋಷವನ್ನು ಸಹಿಸಬಹುದೆಂಬ ಮಿತಿಯನ್ನು ನೋಡಿಕೊಳ್ಳಿ: ತಾನಾಗಿ ಬರುವ ಸಾಪೇಕ್ಷ ಟಾಲರೆನ್ಸ್ ಸಾವಿರಕ್ಕೆ ಒಂದು, ಅದು ನಿಮ್ಮ ಕೆಲಸಕ್ಕೆ ಸಡಿಲವಾಯಿತು. ನಿರಪೇಕ್ಷ ಟಾಲರೆನ್ಸನ್ನು ಪ್ರತಿ ಚರಕ್ಕೂ ಬೇರೆಯಾಗಿ ಕೊಡಬೇಕು, ಏಕೆಂದರೆ ಉಷ್ಣತೆ 300 ಕೆಲ್ವಿನ್‌ನ ಆಸುಪಾಸಿನಲ್ಲಿದ್ದರೆ, ಒಂದು ಕಿಲೋ ಒಣ ಪದಾರ್ಥಕ್ಕೆ ನೀರು 3 ಕಿಲೋದಿಂದ ಇಳಿಯುತ್ತ ಬಂದರೆ, ಆವಿಯ ಪ್ರಮಾಣ 0.02ರ ಆಸುಪಾಸಿನಲ್ಲಿರುತ್ತದೆ; ಮೂರಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು.

ಹೊಸ ಸಾಧನವನ್ನು ನಂಬುವ ಮೊದಲು ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಅದಕ್ಕೆ ಕೊಟ್ಟು ನೋಡುವುದು ಒಳ್ಳೆಯದು. ರಾಬರ್ಟ್‌ಸನ್ 1966ರಲ್ಲಿ ಮುಂದಿಟ್ಟ ಮೂರು ರಾಸಾಯನಿಕಗಳ ಸಮಸ್ಯೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ದರಾಂಕಗಳು 0.04, 10,000 ಮತ್ತು 3 ಕೋಟಿ. ಮೊದಲ ಪದಾರ್ಥ 1, ಉಳಿದೆರಡು ಸೊನ್ನೆ ಎಂದು ಆರಂಭಿಸಿದರೆ ಕಾಲ 40 ಆಗುವಾಗ ಮೊದಲನೆಯದು 0.7158, ಮೂರನೆಯದು 0.2842, ನಡುವಿನದು ಒಂದು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬರಬೇಕು. ಎಲ್‌ಸೋಡ್‌ನ ಕೈಪಿಡಿಯ ಮಾದರಿ ಲೆಕ್ಕವೂ ಇದೇ. ಅಲ್ಲಿ ನಡುವಿನ ಪದಾರ್ಥಕ್ಕೆ ಮಾತ್ರ ಉಳಿದವುಗಳಿಗಿಂತ ಹತ್ತು ಸಾವಿರ ಪಟ್ಟು ಬಿಗಿಯಾದ ಟಾಲರೆನ್ಸ್ ಕೊಟ್ಟಿರುವುದನ್ನು ಹುಡುಗರು ಗಮನಿಸಲಿ.

ಇನ್ನೊಂದು ಮಾತು. ಪುಸ್ತಕದಿಂದ ಕೋಡ್ ನೋಡಿ ಬೆರಳಚ್ಚು ಮಾಡುವ ಕೆಲಸಕ್ಕೆ ಹೋಗಲೇಬೇಡಿ. ನಾನು ಒಮ್ಮೆ, ದೋಷ ನೋಡಿ ಹೆಜ್ಜೆಯನ್ನು ಹೊಂದಿಸಿಕೊಳ್ಳುವ ಫೆಲ್‌ಬರ್ಗ್ ವಿಧಾನದ ಗುಣಾಂಕಗಳನ್ನು ಹೀಗೆ ಕೈಯಿಂದ ತುಂಬಿದ್ದೆ. ಕೊನೆಯ ಸಾಲಿನ 1859/4104 ಎಂಬಲ್ಲಿ 1895 ಎಂದು ಬಿದ್ದಿತ್ತು. ಉತ್ತರಗಳು ನೋಡಲು ಸರಿಯಾಗಿಯೇ ಇದ್ದವು, ಏಕೆಂದರೆ ದೋಷ ಹೆಚ್ಚಾಯಿತೆಂದು ಕಾರ್ಯಕ್ರಮ ತಾನೇ ಹೆಜ್ಜೆಯನ್ನು ಸಣ್ಣದು ಮಾಡಿಕೊಂಡು ನನ್ನ ತಪ್ಪನ್ನು ಮುಚ್ಚಿಹಾಕುತ್ತಿತ್ತು. ‘ಈ ವಿಧಾನ ಇಷ್ಟು ನಿಧಾನವೇಕೆ’ ಎಂದು ಒಂದು ಇಡೀ ಟರ್ಮ್ ತಲೆ ಕೆಡಿಸಿಕೊಂಡ ಮೇಲೆ, ಆ ಸಾಲಿನ ಐದು ಭಿನ್ನರಾಶಿಗಳನ್ನು ಕೂಡಿಸಿದಾಗ ಅರ್ಧ ಬರಬೇಕಾದಲ್ಲಿ 0.5088 ಬಂದದ್ದು ಕಣ್ಣಿಗೆ ಬಿತ್ತು. ನೆಟ್‌ಲಿಬ್ ಭಂಡಾರ 1985ರಿಂದ ಇಂಥ ಪರೀಕ್ಷಿತ ಕೋಡುಗಳನ್ನು ಉಚಿತವಾಗಿ ಹಂಚುತ್ತಿದೆ, ಹೈರರ್ ಮತ್ತು ವಾನರ್ ಅವರು ರಾಡೌ5 ಮುಂತಾದ ತಮ್ಮ ಕಾರ್ಯಕ್ರಮಗಳನ್ನು ಜಿನೀವಾ ವಿಶ್ವವಿದ್ಯಾಲಯದ ತಾಣದಲ್ಲಿ ತೆರೆದಿಟ್ಟಿದ್ದಾರೆ. ಇಷ್ಟಿರುವಾಗ ನಮ್ಮ ಬೆರಳುಗಳನ್ನು ನಂಬುವ ಅಗತ್ಯವಿಲ್ಲ.

ಸಪ್ತಾಪುರದ ಉಪನ್ಯಾಸಕಿ

ಮಾಸ್ತರರೇ, ತಮಗೆ ಅನಂತ ವಂದನೆಗಳು. ರಾಬರ್ಟ್‌ಸನ್ ಲೆಕ್ಕ ನಾಲ್ಕು ಅಂಕಿಗಳವರೆಗೆ ತಾಳೆಯಾಯಿತು. ಆಮೇಲೆ ನಮ್ಮ ಮಾದರಿಯನ್ನು ಬಿಡಿಎಫ್ ವಿಧಾನಕ್ಕೆ ಕೊಟ್ಟೆವು. ನಲವತ್ತು ನಿಮಿಷದ ಓಟ ಆರು ಸೆಕೆಂಡಿನಲ್ಲಿ ಮುಗಿದಾಗ ಹುಡುಗರು ಏನೋ ತಪ್ಪಾಗಿದೆ ಎಂದು ಮತ್ತೆ ಮತ್ತೆ ಓಡಿಸಿ ನೋಡಿದರು.

ತಪ್ಪು ನಿಜವಾಗಿಯೂ ಇತ್ತು, ಆದರೆ ಬೇರೆ ಕಡೆ. ರಾತ್ರಿ ಒಳಗೆ ಇಬ್ಬನಿ ಕಟ್ಟದಿರಲೆಂದು ನಡುರಾತ್ರಿ ದಾಟಿ ಎರಡು ಗಂಟೆಯಾದಾಗ ಹತ್ತು ನಿಮಿಷಗಳ ಕಾಲ ಫ್ಯಾನ್ ಓಡುವಂತೆ ಮಾದರಿಯಲ್ಲಿ ಬರೆದಿದ್ದೆವು. ಹಳೆಯ ನಿಧಾನದ ಓಟದಲ್ಲಿ ಆ ಹೊತ್ತಿಗೆ ತೇವದ ರೇಖೆಯಲ್ಲೊಂದು ಸಣ್ಣ ತಗ್ಗು ಕಾಣುತ್ತಿತ್ತು. ಹೊಸ ಓಟದಲ್ಲಿ ಮೂರು ರಾತ್ರಿ ಆ ತಗ್ಗು ಇದೆ, ಮೂರು ರಾತ್ರಿ ಇಲ್ಲವೇ ಇಲ್ಲ. ಇದು ಲೈಬ್ರರಿಯ ದೋಷವೇ ಅಥವಾ ನಮ್ಮದೇ?

ತಾರಿಹಾಳದ ಎಂಜಿನಿಯರ್

ಮೇಡಂ, ನಾನು ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಿಯಂತ್ರಣ ಫಲಕಗಳನ್ನು ತಯಾರಿಸುವ ಸಣ್ಣ ಘಟಕದಲ್ಲಿದ್ದೇನೆ. ಈ ಮಾಯವಾಗುವ ಫ್ಯಾನಿನ ಅನುಭವ ನನಗೂ ಆಗಿದೆ. ದೋಷ ಲೈಬ್ರರಿಯದಲ್ಲ. ರಾತ್ರಿ ಎಲ್ಲವೂ ನಿಧಾನವಾಗಿ ಬದಲಾಗುವುದರಿಂದ ಅದು ಧೈರ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯ ಹೆಜ್ಜೆಗಳನ್ನು ಇಡುತ್ತದೆ. ಎರಡು ಗಂಟೆಗೆ ಐದು ನಿಮಿಷ ಇರುವಾಗ ಹೊರಟ ಹೆಜ್ಜೆ ಎರಡೂವರೆಗೆ ಹೋಗಿ ನಿಂತರೆ, ನಡುವೆ ಫ್ಯಾನ್ ಓಡಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ? ಗರಿಷ್ಠ ಹೆಜ್ಜೆಗೆ ಮಿತಿ ಹಾಕುವ ಆಯ್ಕೆ ಇದೆ, ಅಲ್ಲಿ 300 ಸೆಕೆಂಡ್ ಎಂದು ಕೊಟ್ಟರೆ ತಗ್ಗು ಮರಳಿ ಬರುತ್ತದೆ. ಆದರೆ ಅದಕ್ಕಿಂತ ಶುದ್ಧವಾದ ಕ್ರಮವೆಂದರೆ ಫ್ಯಾನ್ ಶುರುವಾಗುವ ಮತ್ತು ನಿಲ್ಲುವ ಕ್ಷಣಗಳಲ್ಲಿ ಲೆಕ್ಕವನ್ನು ತುಂಡರಿಸಿ, ಒಂದು ತುಂಡಿನ ಕೊನೆಯ ಬೆಲೆಗಳನ್ನು ಮುಂದಿನ ತುಂಡಿನ ಆರಂಭವಾಗಿ ಕೊಡುತ್ತ ಹೋಗುವುದು. ಹಗಲಿನಲ್ಲಿ ಉಷ್ಣತೆ ನೋಡಿ ಫ್ಯಾನ್ ಹಾಕುವುದಾದರೆ ಆ ಕ್ಷಣ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೆ ‘ಇವೆಂಟ್’ ಸೌಲಭ್ಯವಿದೆ, ಉಷ್ಣತೆ ಗೆರೆ ದಾಟಿದ ಕ್ಷಣವನ್ನು ಅದೇ ಹುಡುಕಿ, ಹಾಗೆಂದು ಹೇಳಿಟ್ಟರೆ ಲೆಕ್ಕವನ್ನು ಅಲ್ಲಿಯೇ ನಿಲ್ಲಿಸುತ್ತದೆ. ಫ್ಯಾನ್ ಹಾಕುವ ಮತ್ತು ಆರಿಸುವ ಉಷ್ಣತೆಗಳ ನಡುವೆ ಎರಡು ಮೂರು ಡಿಗ್ರಿ ಅಂತರವಿಡಿ, ಇಲ್ಲದಿದ್ದರೆ ಗೆರೆಯ ಮೇಲೆಯೇ ಹಾಕಿ ಆರಿಸಿ ಮಾಡುತ್ತ ಕುಳಿತುಕೊಳ್ಳುತ್ತದೆ. ನಿಜವಾದ ಫ್ಯಾನಿನ ರಿಲೇಗೂ ಅದೇ ಗತಿ.

ಪರವಾನಗಿಯ ಬಗ್ಗೆ ಕೇಳಿದ್ದೀರಿ. ಉಚಿತ ಎಂಬ ಪದಕ್ಕೆ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ. ಸೈಪೈ ಮತ್ತು ಲಿವರ್‌ಮೋರ್‌ನವರದೇ ಹೊಸ ಸಂಗ್ರಹವಾದ ಸನ್‌ಡಯಲ್ಸ್ ಬಿಎಸ್‌ಡಿ ಪರವಾನಗಿಯಲ್ಲಿವೆ. ಕೃತಿಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಮಾರುವ ಸರಕಿನೊಳಗೂ ಸೇರಿಸಬಹುದು. ಸಿ ಭಾಷೆಯಲ್ಲಿ ಬಹಳ ಜನ ಬಳಸುವ ಗ್ನು ಸೈಂಟಿಫಿಕ್ ಲೈಬ್ರರಿ ಜಿಪಿಎಲ್ ಪರವಾನಗಿಯದು. ಕಾಲೇಜಿನೊಳಗೆ ಬಳಸಲು ಯಾವ ಅಡ್ಡಿಯೂ ಇಲ್ಲ, ಆದರೆ ಅದನ್ನು ಜೋಡಿಸಿದ ಕಾರ್ಯಕ್ರಮವನ್ನು ಹೊರಗೆ ಕೊಡುವಾಗ ನಿಮ್ಮ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ. ಅದರ ಬಿಡಿಎಫ್ ವಿಧಾನಕ್ಕೆ ಜಾಕೋಬಿಯನ್ ಮಾತೃಕೆಯನ್ನು (ಪ್ರತಿ ಸಮೀಕರಣ ಪ್ರತಿ ಚರಕ್ಕೆ ಎಷ್ಟು ಬದಲಾಗುತ್ತದೆಂಬ ಕೋಷ್ಟಕವನ್ನು) ನಾವೇ ಬರೆದುಕೊಡಬೇಕು. 24 ಸಮೀಕರಣಗಳಿಗೆ ಅದು ಬೇಸರದ ಕೆಲಸ, ತಪ್ಪಿಗೆ ಹೆದ್ದಾರಿ. ಇನ್ನು ಪುಸ್ತಕದಲ್ಲಿ ಅಚ್ಚಾದ ಕೋಡೆಲ್ಲ ಉಚಿತವೆಂದು ತಿಳಿಯುವುದೂ ತಪ್ಪು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ, ಪ್ರಸಿದ್ಧ ಪುಸ್ತಕವೊಂದರಿಂದ ತೆಗೆದ ನಾಲ್ಕು ಪುಟಗಳ ಕೋಡ್ ಸರಕಿನೊಳಗೆ ಸೇರಿಹೋಗಿತ್ತು. ಗ್ರಾಹಕರ ವಕೀಲರು ಪರವಾನಗಿಯ ಪಟ್ಟಿ ಕೇಳಿದ ದಿನ ಅದನ್ನು ಕಿತ್ತು ಬೇರೆಯದನ್ನು ಕೂಡಿಸಲು ಹದಿನೈದು ದಿನ ಹೋಯಿತು.

ಕೊನೆಯದಾಗಿ, ಡ್ರೈಯರ್‌ನ ನಿಯಂತ್ರಣ ಪೆಟ್ಟಿಗೆಯೊಳಗೆ ಈ 24 ಸಮೀಕರಣಗಳನ್ನು ತುರುಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಆವಿ ತಕ್ಷಣವೇ ಸಮತೋಲಕ್ಕೆ ಬರುತ್ತದೆಂದು ಹಿಡಿದು ಅದರ ಅವಕಲ ಸಮೀಕರಣವನ್ನು ಸಾಧಾರಣ ಬೀಜಗಣಿತದ ಸಮೀಕರಣವಾಗಿಸಿರಿ. ವೇಗದ ಕಾಲಾಂಕವೇ ಹೊರಟುಹೋಗುವುದರಿಂದ ಉಳಿದ ಮಾದರಿಗೆ ಹುಡುಗರ ರುಂಗೆ-ಕುಟ್ಟ ಕೂಡ ಸಾಕಾಗಬಹುದು; ಗಾಳಿಯ ಸಮೀಕರಣದ ಕಾಲಾಂಕ ನೋಡಿಕೊಂಡು ಹೆಜ್ಜೆ ಆರಿಸಿರಿ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಗ್ಗದ ಲೈಬ್ರರಿ ಇದೇ.

ಮಾಳಮಡ್ಡಿ ಮಾಸ್ತರ

ಎಂಜಿನಿಯರ್ ಅವರ ಕೊನೆಯ ಸಲಹೆ ಒಳ್ಳೆಯದು, ಆದರೆ ಒಂದು ಷರತ್ತಿನ ಮೇಲೆ. ಆವಿಯ ಸಮೀಕರಣದಿಂದ ಆವಿಯ ಬೆಲೆಯನ್ನು ಬಿಡಿಸಿ ಒಂದು ಸೂತ್ರವಾಗಿ ಬರೆಯಲು ಬಂದರೆ ಮಾತ್ರ ಅದು ಸಲೀಸು. ಉಷ್ಣತೆಯೊಂದಿಗೆ ಹೆಣೆದುಕೊಂಡು ಬಿಡಿಸಲು ಬಾರದಿದ್ದರೆ ಅದು ಅವಕಲವೂ ಬೀಜಗಣಿತವೂ ಕೂಡಿದ ವ್ಯವಸ್ಥೆಯಾಗುತ್ತದೆ, ಅದಕ್ಕೆ ರುಂಗೆ-ಕುಟ್ಟ ನೇರವಾಗಿ ನಡೆಯದು. ಅಂಥದಕ್ಕೆ ಪೆಟ್ಜೋಲ್ಡ್ ಅವರ ಡ್ಯಾಸಲ್ ಇದೆ, ಸನ್‌ಡಯಲ್ಸ್‌ನಲ್ಲಿ ಐಡಾ ಇದೆ. ಎರಡಕ್ಕೂ ಹಣ ಕೊಡಬೇಕಿಲ್ಲ. ಯಾವುದಕ್ಕೂ ಮೊದಲು ಪೂರ್ಣ ಮಾದರಿ ಮತ್ತು ಆವಿಯ ಅವಕಲ ಸಮೀಕರಣ ತೆಗೆದು ಇಳಿಸಿದ ಮಾದರಿ ಎರಡನ್ನೂ ಒಂದೇ ಆಲೇಖದಲ್ಲಿಟ್ಟು ಆರು ದಿನವೂ ಹೋಲಿಸಿರಿ. ಬೆಳಗ್ಗೆ ಬಿಸಿಲು ಏರುವ ಹೊತ್ತಿನಲ್ಲಿ ಎರಡೂ ಅಂಟಿಕೊಂಡೇ ಹೋದರೆ ಚಿಂತೆಯಿಲ್ಲ.

ಸಪ್ತಾಪುರದ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿಯ ಫ್ಯಾನಿನ ಹೊತ್ತಿನಲ್ಲಿ ಲೆಕ್ಕವನ್ನು ತುಂಡರಿಸಿದ ಮೇಲೆ ಆರು ರಾತ್ರಿಯೂ ತಗ್ಗು ಕಾಣಿಸಿತು. ಓಟದ ಹೊತ್ತು ಆರರಿಂದ ಒಂಬತ್ತು ಸೆಕೆಂಡಿಗೆ ಏರಿದೆ, ಆದ್ದರಿಂದ 200 ಓಟಗಳು ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಇಳಿಸಿದ ಮಾದರಿಯನ್ನು ಹೋಲಿಸಿದಾಗ ಬೆಳಗಿನ ಎಂಟರ ಹೊತ್ತಿಗೂ ಎರಡು ರೇಖೆಗಳ ನಡುವೆ ಕಣ್ಣಿಗೆ ಅಂತರ ತೋರಲಿಲ್ಲ. ಹದಿನೈದು ಸಾವಿರದಲ್ಲಿ ಉಣಕಲ್ಲಿನವರು ಹೇಳಿದಂತೆ ಎರಡು ತೇವಾಂಶ ಸೆನ್ಸಾರ್‌ಗಳಿಗೆ ಬೇಡಿಕೆಪತ್ರ ಬರೆದಿದ್ದೇನೆ. ಆ ಕಡತವೂ ಈಗ ಮೇಜಿನ ಮೇಲಿದೆ.